ಓದುಗರ ಪ್ರಶ್ನೆ, ನಮ್ಮ ಉತ್ತರ: ರಿಯಾಕ್ಟರ್ ಶೀಲ್ಡಿಂಗ್ ಲೆಕ್ಕವನ್ನು ಒರೆಗೆ ಹಚ್ಚುವುದು ಹೇಗೆ?

ಈ ಸಲ ಆಯ್ದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ರಿಯಾಕ್ಟರ್ ಸುತ್ತಲಿನ ವಿಕಿರಣ ತಡೆಗೋಡೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದಾಯಿತು, ಆ ಲೆಕ್ಕವನ್ನು ನಂಬುವುದು ಯಾವ ಆಧಾರದ ಮೇಲೆ? ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇವೆ.

ಪ್ರಶ್ನೆ: ಎರಡು ಮೀಟರ್ ದಪ್ಪದ ಕಾಂಕ್ರೀಟ್ ಗೋಡೆಯ ಹೊರಗಿನ ಡೋಸನ್ನು (ವಿಕಿರಣದ ಪ್ರಮಾಣವನ್ನು) ಮಾಂಟೆ ಕಾರ್ಲೋ ಕೋಡಿನಲ್ಲಿ, ಅಂದರೆ ಒಂದೊಂದೇ ಕಣದ ಹಾದಿಯನ್ನು ರ‍್ಯಾಂಡಮ್ ಸಂಖ್ಯೆಗಳಿಂದ ಅನುಕರಿಸುವ ಪ್ರೋಗ್ರಾಮಿನಲ್ಲಿ, ಲೆಕ್ಕ ಹಾಕಿದ್ದೇನೆ. ಉತ್ತರದ ಪಕ್ಕದಲ್ಲಿ ಶೇ. 2 ದೋಷ ಎಂದು ಬಂದಿದೆ. ಆ ಕೋಡ್ ಎಂಸಿಎನ್‌ಪಿ, ಅದು ಮಾಡುವ ಹತ್ತು ಅಂಕಿಅಂಶ ಪರೀಕ್ಷೆಗಳೂ ಪಾಸಾಗಿವೆ. ಆದರೂ ನಮ್ಮ ಗೈಡ್ 'ವ್ಯಾಲಿಡೇಶನ್ ಎಲ್ಲಿ?' ಎಂದು ಕೇಳಿ ವರದಿ ವಾಪಸ್ ಕೊಟ್ಟರು. ಶೇ. 2 ಸಾಲದೇ?

ಉತ್ತರ: ಗೈಡ್ ಕೇಳಿದ್ದು ಸರಿಯಾಗಿಯೇ ಇದೆ. ಆ ಶೇ. 2 ಹೇಳುವುದು ಒಂದೇ ಸಂಗತಿ: ಇದೇ ಇನ್‌ಪುಟ್ ಇಟ್ಟುಕೊಂಡು ಬೇರೆ ಬೇರೆ ರ‍್ಯಾಂಡಮ್ ಸಂಖ್ಯೆಗಳಿಂದ ಮತ್ತೆ ಮತ್ತೆ ಓಡಿಸಿದರೆ ಉತ್ತರ ಎಷ್ಟು ಅಲುಗಾಡುತ್ತದೆ ಎಂಬುದು. ಇನ್‌ಪುಟ್ಟೇ ತಪ್ಪಿದ್ದರೆ ತಪ್ಪು ಉತ್ತರವನ್ನೇ ಕೋಡ್ ಅಷ್ಟೇ ಬಿಗಿಯಾಗಿ ಕೊಡುತ್ತದೆ. ಕಾಂಕ್ರೀಟಿನ ಸಾಂದ್ರತೆ, ಅದರೊಳಗಿನ ನೀರು, ಪರಮಾಣು ದತ್ತಾಂಶದ ಕ್ರಾಸ್ ಸೆಕ್ಷನ್ (ನ್ಯೂಟ್ರಾನ್ ಒಂದು ನ್ಯೂಕ್ಲಿಯಸ್ಸಿಗೆ ಬಡಿಯುವ ಸಾಧ್ಯತೆಯ ಅಳತೆ), ವಿಕಿರಣ ಮೂಲದ ಬಲ, ಚಿತ್ರದಲ್ಲಿ ಕಾಣದ ಸಂದು ಇವುಗಳಲ್ಲಿ ಒಂದರ ಅನಿಶ್ಚಿತತೆಯೂ ಆ ಶೇ. 2ರಲ್ಲಿ ಸೇರಿಲ್ಲ.

ಶೀಲ್ಡಿಂಗಿನಲ್ಲಿ ಇದು ಇಷ್ಟೊಂದು ಕಾಡುವುದಕ್ಕೆ ಕಾರಣ ಘಾತೀಯ ಇಳಿಕೆ. ಗೋಡೆಯೊಂದು ನ್ಯೂಟ್ರಾನ್ ಹರಿವನ್ನು ನೂರು ಕೋಟಿಯಲ್ಲಿ ಒಂದು ಪಾಲಿಗೆ ಇಳಿಸುತ್ತದೆ ಎಂದಿಟ್ಟುಕೊಳ್ಳಿ. ಹರಿವು 2.718ನೇ ಒಂದು ಭಾಗಕ್ಕೆ ಇಳಿಯುವ ದಪ್ಪವನ್ನು ಒಂದು ಕ್ಷೀಣನ ದೂರ ಎಂದರೆ, ಇಲ್ಲಿ 20.7 ಕ್ಷೀಣನ ದೂರಗಳಿವೆ. ನಿಮ್ಮ ಕ್ರಾಸ್ ಸೆಕ್ಷನ್ ಅಥವಾ ಸಾಂದ್ರತೆ ನಿಜಕ್ಕಿಂತ ಶೇ. 3 ಹೆಚ್ಚಿದ್ದರೆ 0.62 ಕ್ಷೀಣನ ದೂರದಷ್ಟು ಗೋಡೆಯನ್ನು ಪುಕ್ಕಟೆಯಾಗಿ ಸೇರಿಸಿದಂತಾಯಿತು. ಆಗ ನಿಜವಾದ ಡೋಸ್ ನಿಮ್ಮ ಲೆಕ್ಕದ ಸುಮಾರು 1.86 ಪಟ್ಟು ಇರುತ್ತದೆ. ಇನ್‌ಪುಟ್ಟಿನಲ್ಲಿ ಶೇ. 3, ಉತ್ತರದಲ್ಲಿ ಶೇ. 86. ಕೋರ್ (ರಿಯಾಕ್ಟರಿನ ಇಂಧನವಿರುವ ನಡುಭಾಗ) ಒಳಗಿನ ಲೆಕ್ಕದಲ್ಲಿ ನುರಿತವರು ಶೀಲ್ಡಿಂಗಿಗೆ ಬಂದಾಗ ಮೊದಲು ಎಡವುವುದೇ ಇಲ್ಲಿ.

ವರದಿಯಲ್ಲಿ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ತೋರಿಸಿ. ಒಂದು, ಕೋಡ್ ತನ್ನ ಸಮೀಕರಣಗಳನ್ನು ಸರಿಯಾಗಿ ಬಿಡಿಸುತ್ತಿದೆಯೇ ಎಂಬ ವೆರಿಫಿಕೇಶನ್. ಇದಕ್ಕೆ ಕೈಲೆಕ್ಕದ ಉತ್ತರ ಇರುವ ಸಮಸ್ಯೆಗಳು ಸಾಕು: ನಿರ್ವಾತದಲ್ಲಿ ಬಿಂದು ಮೂಲ, ಚದುರಿಕೆಯಿಲ್ಲದೆ ಹೀರುವ ಮಾಧ್ಯಮ, ಹೀಗೆ. ಇನ್ನೊಂದು, ಆ ಸಮೀಕರಣ, ದತ್ತಾಂಶ, ಮಾಡೆಲ್ ಮೂರೂ ಸೇರಿ ವಾಸ್ತವಕ್ಕೆ ಎಷ್ಟು ಹತ್ತಿರ ಎಂಬ ವ್ಯಾಲಿಡೇಶನ್. ಅದಕ್ಕೆ ಅಳತೆ ಬೇಕೇ ಬೇಕು. ಬೇರೆ ದಾರಿ ಇಲ್ಲ.

ಪ್ರಶ್ನೆ: ನಮ್ಮಲ್ಲಿ ರಿಯಾಕ್ಟರೂ ಇಲ್ಲ, ಅಳತೆಯ ಸಲಕರಣೆಯೂ ಇಲ್ಲ. ಅಳತೆಯನ್ನು ಎಲ್ಲಿಂದ ತರುವುದು? ಯಾವ ಪ್ರಯೋಗವನ್ನು ಆರಿಸಬೇಕು?

ಉತ್ತರ: ಸಿನ್‌ಬ್ಯಾಡ್ ಎಂಬ ಸಂಗ್ರಹದಿಂದ ಶುರುಮಾಡಿ. ಒಇಸಿಡಿಯ ನ್ಯೂಕ್ಲಿಯರ್ ಎನರ್ಜಿ ಏಜೆನ್ಸಿ ಮತ್ತು ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ ಸೇರಿ ಕಟ್ಟಿದ ಈ ಸಂಗ್ರಹದಲ್ಲಿ ವಿದಳನ ರಿಯಾಕ್ಟರ್, ಸಮ್ಮಿಳನ, ವೇಗವರ್ಧಕ ಮೂರೂ ಬಗೆಯ ಸುಮಾರು ನೂರು ಶೀಲ್ಡಿಂಗ್ ಪ್ರಯೋಗಗಳ ವಿವರ ಇದೆ. ಜ್ಯಾಮಿತಿ, ವಸ್ತುಗಳ ಸಂಯೋಜನೆ, ಮೂಲ, ಅಳತೆಯ ಅಂಕಿ, ಅಳತೆಯ ದೋಷ ಎಲ್ಲವೂ ಸಿಗುತ್ತವೆ.

ಆರಿಸುವಾಗ ಹೆಸರು ನೋಡಬೇಡಿ, ಹೋಲಿಕೆ ನೋಡಿ. ನಿಮ್ಮ ವಿನ್ಯಾಸದ ವಸ್ತು, ಅದರ ದಪ್ಪ, ಅಲ್ಲಿ ಡೋಸ್ ಕೊಡುವ ನ್ಯೂಟ್ರಾನ್‌ಗಳ ಶಕ್ತಿ, ಸೋರಿಕೆಯ ದಾರಿ ಈ ನಾಲ್ಕರಲ್ಲೂ ಪ್ರಯೋಗ ನಿಮ್ಮ ಗೋಡೆಯನ್ನು ಹೋಲಬೇಕು. ನಾಲ್ಕೂ ಒಂದೇ ಪ್ರಯೋಗದಲ್ಲಿ ಸಿಗುವುದು ಅಪರೂಪ, ಹಾಗಾಗಿ ಎರಡು ಮೂರನ್ನು ಜೋಡಿಸಬೇಕಾಗುತ್ತದೆ. ರಿಯಾಕ್ಟರ್ ವೆಸೆಲ್ (ಕೋರ್ ಇರುವ ಉಕ್ಕಿನ ಪಾತ್ರೆ) ಸುತ್ತಲಿನ ನೀರು ಮತ್ತು ಉಕ್ಕಿನ ಪದರಗಳಿಗೆ ಓಕ್ ರಿಡ್ಜ್‌ನ ಪೂಲ್ ಕ್ರಿಟಿಕಲ್ ಅಸೆಂಬ್ಲಿ ಪ್ರಯೋಗ, ಬೆಲ್ಜಿಯಂನ ಮೋಲ್‌ನಲ್ಲಿ ನಡೆದ ವೀನಸ್-3, ಮತ್ತು ನಿಜವಾದ ವಿದ್ಯುತ್ ಸ್ಥಾವರದಲ್ಲೇ ಅಳೆದ ಎಚ್. ಬಿ. ರಾಬಿನ್‌ಸನ್-2 ಬೆಂಚ್‌ಮಾರ್ಕ್ (ಲೆಕ್ಕವನ್ನು ಹೋಲಿಸಿ ನೋಡಲೆಂದು ಪ್ರಕಟಿಸಿದ ಪ್ರಯೋಗ) ಚೆನ್ನಾಗಿ ಹೊಂದುತ್ತವೆ.

ಬರೀ ಉಕ್ಕಿಗೆ ಇಂಗ್ಲೆಂಡಿನ ವಿನ್‌ಫ್ರಿತ್‌ನಲ್ಲಿ ನಡೆದ ಐರನ್-88 ಒಳ್ಳೆಯದು. ನೆಸ್ಟರ್ ಎಂಬ ಸಣ್ಣ ರಿಯಾಕ್ಟರಿನಿಂದ ಬಂದ ನ್ಯೂಟ್ರಾನ್‌ಗಳು ಯುರೇನಿಯಂ ಇರುವ ಒಂದು ವಿದಳನ ತಟ್ಟೆಯನ್ನು ಚಾಲೂ ಮಾಡುತ್ತವೆ. ಅದರ ಮುಂದೆ ತಲಾ ಸುಮಾರು 5.1 ಸೆಂ.ಮೀ. ದಪ್ಪದ 13 ಮೃದು ಉಕ್ಕಿನ ಹಲಗೆಗಳು, ಒಟ್ಟು ಸುಮಾರು 67 ಸೆಂ.ಮೀ. ಹಲಗೆಗಳ ನಡುವೆ ಬಿಟ್ಟ ಕಿರುಸಂದುಗಳಲ್ಲಿ ಚಿನ್ನ, ರೋಡಿಯಂ, ಇಂಡಿಯಂ, ಗಂಧಕ, ಅಲ್ಯೂಮಿನಿಯಂ ಫಾಯಿಲ್ ಅಥವಾ ಬಿಲ್ಲೆಗಳನ್ನಿಟ್ಟು ಅವುಗಳ ವಿಕಿರಣಶೀಲತೆಯನ್ನು ಆಮೇಲೆ ಎಣಿಸಿದ್ದಾರೆ. ಆ ಕಿರುಸಂದುಗಳನ್ನು ನಿಮ್ಮ ಮಾಡೆಲಿನಲ್ಲೂ ಬಿಡಿ. ಉಕ್ಕನ್ನು ಒಂದೇ ಗಟ್ಟಿಯಾಗಿ ಹಾಕಿಬಿಟ್ಟರೆ ಕೊನೆಯ ಹಲಗೆಯ ಹೊತ್ತಿಗೆ ಫಾಯಿಲ್ ಇರುವ ಜಾಗವೇ ಮೂಲದ ಕಡೆಗೆ ಸರಿದಿರುತ್ತದೆ.

ಇನ್ನೊಂದು ಮಾತು. ಬೆಂಚ್‌ಮಾರ್ಕ್ ಓಡಿಸುವಾಗ ವಿನ್ಯಾಸಕ್ಕೆ ಬಳಸುವ ಅದೇ ಕೋಡ್ ಆವೃತ್ತಿ, ಅದೇ ದತ್ತಾಂಶ ಲೈಬ್ರರಿ, ಅದೇ ಆಯ್ಕೆಗಳು ಇರಲಿ. ಬೆಂಚ್‌ಮಾರ್ಕಿಗೆ ಇಎನ್‌ಡಿಎಫ್/ಬಿ-8 (ಅಮೆರಿಕದ ಪರಮಾಣು ದತ್ತಾಂಶ ಲೈಬ್ರರಿ), ವಿನ್ಯಾಸಕ್ಕೆ ನ್ಯೂಟ್ರಾನ್ ಶಕ್ತಿಗಳನ್ನು 47 ಗುಂಪುಗಳಾಗಿ ಸರಾಸರಿ ಮಾಡಿದ ಹಳೆಯ ಲೈಬ್ರರಿ ಎಂದಾದರೆ ನೀವು ವ್ಯಾಲಿಡೇಟ್ ಮಾಡಿದ್ದು ಬೇರೆ ಯಾವುದನ್ನೋ. ಫಾಯಿಲ್‌ಗಳ ಪ್ರತಿಕ್ರಿಯೆಗೆ ನ್ಯೂಟ್ರಾನ್ ಸಾಗಣೆಯ ಲೆಕ್ಕಕ್ಕೆ ಬಳಸಿದ ಲೈಬ್ರರಿಯಿಂದಲೇ ಕ್ರಾಸ್ ಸೆಕ್ಷನ್ ತೆಗೆಯುವ ಬದಲು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ (ಐಎಇಎ) ಪ್ರಕಟಿಸಿರುವ ಐಆರ್‌ಡಿಎಫ್‌ಎಫ್ ಡೋಸಿಮೆಟ್ರಿ ಲೈಬ್ರರಿಯನ್ನು ಬಳಸಿ.

ಪ್ರಶ್ನೆ: ಉಕ್ಕಿನ ಹಲಗೆಗಳ ಬೆಂಚ್‌ಮಾರ್ಕ್ ಓಡಿಸಿದೆವು. ಕ್ಯಾಡ್ಮಿಯಂ ಹೊದಿಸಿದ ಚಿನ್ನದ ಫಾಯಿಲ್ ಎಲ್ಲ ಆಳದಲ್ಲೂ ಶೇ. 5ರೊಳಗೆ ತಾಳೆಯಾಗುತ್ತದೆ. ಆದರೆ ಗಂಧಕದ ಲೆಕ್ಕ 5 ಸೆಂ.ಮೀ. ಆಳದಲ್ಲಿ ಅಳತೆಯ 0.98 ಪಟ್ಟು ಇದ್ದದ್ದು 60 ಸೆಂ.ಮೀ.ಯಲ್ಲಿ 0.70ಕ್ಕೆ ಇಳಿಯುತ್ತದೆ. ಚಿನ್ನ ಸರಿಯಿದೆಯಲ್ಲ ಎಂದು ಮುಂದೆ ಹೋಗಬಹುದೇ?

ಉತ್ತರ: ಹೋಗಬೇಡಿ. ನೀವು ಎದುರಿಸುತ್ತಿರುವುದು ಈ ಕೆಲಸದ ಅತ್ಯಂತ ಸ್ವಾರಸ್ಯದ ಭಾಗ, ಆದ್ದರಿಂದ ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇವೆ.

ಲೆಕ್ಕವನ್ನು ಅಳತೆಯಿಂದ ಭಾಗಿಸಿದ ಅನುಪಾತಕ್ಕೆ ಈ ಕ್ಷೇತ್ರದಲ್ಲಿ 'ಸಿ ಬೈ ಇ' ಎನ್ನುತ್ತಾರೆ. ಅದು ಒಂದಕ್ಕೆ ಹತ್ತಿರ ಇದೆಯೇ ಎಂಬುದಕ್ಕಿಂತ, ಆಳದ ಜೊತೆ ಹೇಗೆ ಬದಲಾಗುತ್ತದೆ ಎಂಬುದು ಹೆಚ್ಚು ಮಾತಾಡುತ್ತದೆ. ಎಲ್ಲ ಆಳದಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಮೂಲದ ಬಲ ಅಥವಾ ಡಿಟೆಕ್ಟರ್ ಮಾಪನಾಂಕದ ಮೇಲೆ ಅನುಮಾನ ಪಡಿ. ಒಂದೇ ಒಂದು ಜಾಗದಲ್ಲಿ ಜಿಗಿದಿದ್ದರೆ ಆ ಜಾಗದ ಸಂದು, ಫಾಯಿಲ್ ಸ್ಥಾನ, ಎಣಿಕೆಯ ದಾಖಲೆ ನೋಡಿ. ನಿಮ್ಮಲ್ಲಿ ಆದಂತೆ ಆಳ ಹೆಚ್ಚಿದಂತೆ ಸಮವಾಗಿ ಜಾರುತ್ತಿದ್ದರೆ ನ್ಯೂಟ್ರಾನ್‌ಗಳನ್ನು ತಡೆಯುವ ವಸ್ತುವಿನ ಬಲವನ್ನು ಕೋಡ್ ಹೆಚ್ಚಾಗಿ ಹಿಡಿದಿದೆ.

ಎಷ್ಟು ಹೆಚ್ಚಾಗಿ ಎಂದು ಕಾಗದದ ಮೇಲೇ ಕಾಣಬಹುದು. 0.70ನ್ನು 0.98ರಿಂದ ಭಾಗಿಸಿ ನೈಸರ್ಗಿಕ ಲಾಗರಿಥಮ್ ತೆಗೆದರೆ −0.336. ಅದನ್ನು 55 ಸೆಂ.ಮೀ.ಗೆ ಹಂಚಿದರೆ ಸೆಂ.ಮೀ.ಗೆ 0.0061. ಕಬ್ಬಿಣದಲ್ಲಿ ವೇಗದ ನ್ಯೂಟ್ರಾನ್‌ಗಳ ರಿಮೂವಲ್ ಕ್ರಾಸ್ ಸೆಕ್ಷನ್ (ದಪ್ಪದ ಜೊತೆ ಅವು ಕಡಿಮೆಯಾಗುವ ದರ) ಸೆಂ.ಮೀ.ಗೆ ಸುಮಾರು 0.168. ಅಂದರೆ ಶೇ. 3.6ರಷ್ಟು ಹೆಚ್ಚಾದರೆ ಸಾಕು, ನಿಮ್ಮ ಇಡೀ ಶೇ. 30 ಹುಟ್ಟಿಬಿಡುತ್ತದೆ. ಈಗ ಹುಡುಕಬೇಕಾದದ್ದು ಶೇ. 30ರ ದೊಡ್ಡ ತಪ್ಪನ್ನಲ್ಲ, ಶೇ. 3-4ರ ಸಣ್ಣ ತಪ್ಪನ್ನು.

ಮೊದಲು ಸಾಂದ್ರತೆ. ಮೃದು ಉಕ್ಕಿಗೆ ಪ್ರತಿ ಘನ ಸೆಂ.ಮೀ.ಗೆ ಸುಮಾರು 7.86 ಗ್ರಾಂ. ಹಳೆಯ ಇನ್‌ಪುಟ್ ಫೈಲಿನಿಂದ ಸ್ಟೇನ್‌ಲೆಸ್ ಸ್ಟೀಲಿನ 8.0 ನಕಲಾಗಿ ಬಂದಿದ್ದರೆ ಅಲ್ಲಿಗೇ ಶೇ. 1.8 ಹೋಯಿತು, ಅರ್ಧ ಕಳ್ಳ ಸಿಕ್ಕಂತೆ. ಆಮೇಲೆ ಹಲಗೆಗಳ ನಿಜವಾದ ದಪ್ಪ. 13 ಹಲಗೆಗಳಲ್ಲಿ ತಲಾ 1 ಮಿ.ಮೀ. ಹೆಚ್ಚು ಹಾಕಿದ್ದರೆ ಕೊನೆಗೆ 1.3 ಸೆಂ.ಮೀ. ಉಕ್ಕು ಹೆಚ್ಚಾಗುತ್ತದೆ.

ಮೂರನೆಯದು ದತ್ತಾಂಶ. ಗಂಧಕ ನೋಡುವುದು ಸುಮಾರು 3 ಎಂಇವಿ, ಅಂದರೆ 30 ಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗಿಂತ ಮೇಲಿನ ನ್ಯೂಟ್ರಾನ್‌ಗಳನ್ನು. ಆ ಶಕ್ತಿಯಲ್ಲಿ ಕಬ್ಬಿಣ ನ್ಯೂಟ್ರಾನನ್ನು ನಿಧಾನಿಸುವುದು ಮುಖ್ಯವಾಗಿ ಇನ್‌ಎಲಾಸ್ಟಿಕ್ ಚದುರಿಕೆಯಿಂದ (ಬಡಿತದ ಶಕ್ತಿಯ ಒಂದು ಪಾಲನ್ನು ನ್ಯೂಕ್ಲಿಯಸ್ಸೇ ಒಳಗೆ ಹೀರಿಕೊಳ್ಳುವ ಚದುರಿಕೆ), ಅದರ ದತ್ತಾಂಶದ ತಪ್ಪು ನೇರವಾಗಿ ಇಲ್ಲಿ ಕಾಣಿಸಿಕೊಳ್ಳುತ್ತದೆ. ಗುಂಪು ಲೈಬ್ರರಿಯ ಡಿಟರ್ಮಿನಿಸ್ಟಿಕ್ (ರ‍್ಯಾಂಡಮ್ ಸಂಖ್ಯೆಯಿಲ್ಲದೆ ಸಮೀಕರಣವನ್ನೇ ಬಿಡಿಸುವ) ಕೋಡ್ ಬಳಸಿದ್ದರೆ, ಚದುರುವ ಕೋನವನ್ನು ಎಷ್ಟು ಸೂಕ್ಷ್ಮವಾಗಿ ಹಿಡಿದಿದೆ ಎಂದು ಹೇಳುವ ಲೆಜಾಂಡರ್ ಕ್ರಮ ಪಿ-3ಕ್ಕಿಂತ ಕಡಿಮೆ ಇದೆಯೇ ನೋಡಿ. ವೇಗದ ನ್ಯೂಟ್ರಾನ್‌ಗಳು ಮುಂದಕ್ಕೇ ಚದುರುವುದು ಹೆಚ್ಚು, ಆ ಒಲವನ್ನು ಕತ್ತರಿಸಿದರೆ ಆಳದಲ್ಲಿ ಲೆಕ್ಕ ತಪ್ಪುತ್ತದೆ.

ತಪ್ಪು ಅಳತೆಯ ಕಡೆಗೂ ಇರಬಹುದು. ಗಂಧಕದಿಂದ ಹುಟ್ಟುವ ರಂಜಕ-32ರ ಅರ್ಧಾಯು 14.3 ದಿನ, ಅದನ್ನು ಬೀಟಾ ಕಣಗಳಿಂದ ಎಣಿಸುತ್ತಾರೆ. ಆಳದಲ್ಲಿ ಎಣಿಕೆ ತೀರಾ ಕಡಿಮೆ. ಹಿನ್ನೆಲೆ ಎಣಿಕೆಯನ್ನು ಪೂರ್ತಿ ಕಳೆಯದೆ ಬಿಟ್ಟಿದ್ದರೆ ಅಳತೆ ಉಬ್ಬಿ, ಅನುಪಾತ ಆಳದ ಜೊತೆ ಇಳಿದಂತೆ ಕಾಣುತ್ತದೆ. ಪ್ರಕಟಿತ ಬೆಂಚ್‌ಮಾರ್ಕಿನಲ್ಲಿ ಇದನ್ನು ನೋಡಿಕೊಂಡಿರುತ್ತಾರೆ, ಸ್ವಂತ ಪ್ರಯೋಗದಲ್ಲಿ ಮಾತ್ರ ಮರೆಯಬೇಡಿ.

ಇನ್ನು ಚಿನ್ನ ಯಾಕೆ ಸರಿ ಬಂತು? ಕ್ಯಾಡ್ಮಿಯಂ ಹೊದಿಕೆ ಸುಮಾರು 0.5 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿನ ನ್ಯೂಟ್ರಾನ್‌ಗಳನ್ನು ತಡೆಯುವುದರಿಂದ, ಚಿನ್ನ ಹೆಚ್ಚಾಗಿ ನೋಡುವುದು ತನ್ನ 4.9 ಎಲೆಕ್ಟ್ರಾನ್ ವೋಲ್ಟ್ ರೆಸೊನೆನ್ಸ್ (ಕ್ರಾಸ್ ಸೆಕ್ಷನ್ ಥಟ್ಟನೆ ಏರುವ ಶಕ್ತಿ) ಬಳಿಯ ನಿಧಾನ ನ್ಯೂಟ್ರಾನ್‌ಗಳನ್ನು. ಅವು ಕಬ್ಬಿಣದಲ್ಲಿ ಬೇರೆಯದೇ ದಾರಿಯಲ್ಲಿ ಬಂದಿರುತ್ತವೆ. ಕಬ್ಬಿಣ-56ರ ಮೊದಲ ಇನ್‌ಎಲಾಸ್ಟಿಕ್ ಮಟ್ಟ 0.847 ಎಂಇವಿ. ಅದಕ್ಕಿಂತ ಕೆಳಗಿಳಿದ ನ್ಯೂಟ್ರಾನ್‌ಗೆ ಉಳಿಯುವುದು ಎಲಾಸ್ಟಿಕ್ ಚದುರಿಕೆ ಮಾತ್ರ, ಒಂದು ಬಡಿತಕ್ಕೆ ಹೆಚ್ಚೆಂದರೆ ಶೇ. 7ರಷ್ಟು ಶಕ್ತಿ ಹೋಗುತ್ತದೆ. ಜೊತೆಗೆ 24 ಕೆಇವಿ (24 ಸಾವಿರ ಎಲೆಕ್ಟ್ರಾನ್ ವೋಲ್ಟ್) ಸುಮಾರಿಗೆ ಕಬ್ಬಿಣದ ಕ್ರಾಸ್ ಸೆಕ್ಷನ್ ಆಳವಾಗಿ ಕುಸಿದು ಒಂದು ಕಿಟಕಿಯೇ ತೆರೆದಿದೆ, ದಪ್ಪ ಕಬ್ಬಿಣದಲ್ಲೂ ಆ ಶಕ್ತಿಯ ನ್ಯೂಟ್ರಾನ್‌ಗಳು ನುಸುಳಿ ಬರುತ್ತವೆ. ಬರೀ ಕಬ್ಬಿಣದ ಗೋಡೆ ಒಳ್ಳೆಯ ನ್ಯೂಟ್ರಾನ್ ತಡೆಯಲ್ಲ, ಅದರ ಹಿಂದೆ ನೀರೋ ಪಾಲಿಥೀನೋ ಕಾಂಕ್ರೀಟೋ ಬೇಕು ಎನ್ನುವುದು ಇದೇ ಕಾರಣಕ್ಕೆ. ಗುಂಪು ಲೈಬ್ರರಿಯಲ್ಲಿ ರೆಸೊನೆನ್ಸ್ ಸೆಲ್ಫ್-ಶೀಲ್ಡಿಂಗ್ ತಿದ್ದುಪಡಿ ಇಲ್ಲದಿದ್ದರೆ ಇಂಥ ಕಿಟಕಿಗಳು ಸರಾಸರಿಯಲ್ಲಿ ಮುಚ್ಚಿಹೋಗಿ, 1 ಎಂಇವಿಗಿಂತ ಕೆಳಗಿನ ಹರಿವು ಲೆಕ್ಕದಲ್ಲಿ ಕಡಿಮೆ ಬರುತ್ತದೆ.

ಹಿಂಬದಿಯಲ್ಲಿ ಕಾಂಕ್ರೀಟ್ ಗೋಡೆಯಿದ್ದರೆ ಅಲ್ಲಿ ನಿಧಾನಗೊಂಡು ವಾಪಸ್ ಬಂದ ನ್ಯೂಟ್ರಾನ್‌ಗಳೂ ಕೊನೆಯ ಕೆಲವು ಫಾಯಿಲ್‌ಗಳಲ್ಲಿ ಸೇರಿಕೊಳ್ಳುತ್ತವೆ. ಹೀಗೆ ಒಂದು ಹೆಚ್ಚು ಇನ್ನೊಂದು ಕಡಿಮೆಯಾಗಿ ಚಿನ್ನದಲ್ಲಿ ಎರಡು ತಪ್ಪುಗಳು ಒಂದನ್ನೊಂದು ಕಳೆದುಕೊಂಡಿರಬಹುದು. ಇಂಡಿಯಂ ಸುಮಾರು 1.2 ಎಂಇವಿ, ರೋಡಿಯಂ ಸುಮಾರು 0.7 ಎಂಇವಿ ಮೇಲಿನದನ್ನು ನೋಡುತ್ತವೆ. ಆ ಎರಡರ ಅನುಪಾತವನ್ನೂ ಆಳದ ಎದುರು ಬರೆದುನೋಡಿ. ನಾಲ್ಕೂ ಗೆರೆಗಳು ಒಂದೇ ಇಳಿಜಾರಿನಲ್ಲಿದ್ದರೆ ಸಾಂದ್ರತೆ, ದಪ್ಪದಂಥ ಸಾಮಾನ್ಯ ಕಾರಣ. ಗಂಧಕವೊಂದೇ ಜಾರಿದರೆ ಹೆಚ್ಚು ಶಕ್ತಿಯ ದತ್ತಾಂಶ ಅಥವಾ ಮೂಲದ ವರ್ಣಪಟಲದ ತುದಿ.

ಪ್ರಶ್ನೆ: 'ಶೇ. 20ರೊಳಗೆ ತಾಳೆಯಾದರೆ ಪಾಸ್' ಎಂಬ ನಿಯಮ ಇದೆಯೇ?

ಉತ್ತರ: ಎಲ್ಲಕ್ಕೂ ಅನ್ವಯಿಸುವ ಅಂಥ ನಿಯಮ ಇಲ್ಲ. ಆ ಶೇ. 20 ಬಹುಶಃ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 2001ರಲ್ಲಿ ಹೊರಡಿಸಿದ ರೆಗ್ಯುಲೇಟರಿ ಗೈಡ್ 1.190ರಿಂದ ಬಂದಿರಬೇಕು. ಅದು ರಿಯಾಕ್ಟರ್ ವೆಸೆಲ್ ಮೇಲೆ ಬೀಳುವ ವೇಗದ ನ್ಯೂಟ್ರಾನ್‌ಗಳ ಒಟ್ಟು ಮೊತ್ತದ ಲೆಕ್ಕಕ್ಕೆ ಸಂಬಂಧಿಸಿದ್ದು, ಅಲ್ಲಿ ಅನಿಶ್ಚಿತತೆ ಒಂದು ಸಿಗ್ಮಾ (ಪ್ರಮಾಣಿತ ವಿಚಲನೆ) ಮಟ್ಟದಲ್ಲಿ ಶೇ. 20 ಮೀರಬಾರದು. ಎರಡು ಮೀಟರ್ ಕಾಂಕ್ರೀಟಿನಾಚೆಯ ಡೋಸಿಗೆ ಅದನ್ನು ಹಚ್ಚಲಾಗದು. ಅಷ್ಟು ಆಳದಲ್ಲಿ ಎರಡು ಪಟ್ಟಿನೊಳಗೆ ಬಂದರೂ ಒಳ್ಳೆಯ ಲೆಕ್ಕವೇ.

ಶೇಕಡಾವಾರನ್ನು ಅನಿಶ್ಚಿತತೆಯ ಜೊತೆ ಹಿಡಿದು ಓದಿ. ಅಳತೆಯ ದೋಷ ಶೇ. 5, ಅಂಕಿಅಂಶದ್ದು ಶೇ. 2, ದತ್ತಾಂಶದಿಂದ ಬರುವುದು ಶೇ. 15 ಎಂದಾದರೆ, ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದಾಗ ಸುಮಾರು ಶೇ. 16. ಆಗ 0.80ರ ಅನುಪಾತ ಒಂದೂಕಾಲು ಸಿಗ್ಮಾ ದೂರದಲ್ಲಿದೆ, ಅದನ್ನು ಸೋಲು ಎನ್ನಲಾಗದು. ಆದರೆ ಎಲ್ಲ ಫಾಯಿಲ್‌ಗಳೂ ಒಂದೇ ಕಡೆಗೆ ವಾಲಿದ್ದರೆ, ತಲಾ ಒಂದೂಕಾಲು ಸಿಗ್ಮಾ ಆದರೂ ಅಲ್ಲಿ ಕಾರಣವೊಂದು ಇದ್ದೇ ಇದೆ.

ಪ್ರಶ್ನೆ: ಎಂಸಿಎನ್‌ಪಿಯಲ್ಲೂ ಡಿಸ್ಕ್ರೀಟ್ ಆರ್ಡಿನೇಟ್ಸ್ ಕೋಡಿನಲ್ಲೂ ಒಂದೇ ಉತ್ತರ ಬಂದಿದೆ. ಇದು ವ್ಯಾಲಿಡೇಶನ್ ಆಗದೇ?

ಉತ್ತರ: ಆಗದು. ಎರಡೂ ಕೋಡ್‌ಗಳು ಒಂದೇ ದತ್ತಾಂಶ, ಒಂದೇ ಮಾಡೆಲ್ ಓದಿದ್ದರೆ ಒಂದೇ ತಪ್ಪನ್ನು ಎರಡು ಸಲ ಮಾಡಿರುತ್ತವೆ. ವೆಸೆಲ್ ಹೊರಗಿನ ಟೊಳ್ಳಿನಲ್ಲಿ ಅಳೆದ ವೇಗದ ನ್ಯೂಟ್ರಾನ್‌ಗಳು ಲೆಕ್ಕಕ್ಕಿಂತ ಹೆಚ್ಚಿರುವುದು ಬಹುಕಾಲ ಕಾಡಿದ ಸಮಸ್ಯೆಯಾಗಿತ್ತು. ಇಎನ್‌ಡಿಎಫ್/ಬಿ-6ರಲ್ಲಿ ಕಬ್ಬಿಣದ ದತ್ತಾಂಶ ಪರಿಷ್ಕಾರವಾದ ಮೇಲೆಯೇ ಅದು ಬಹಳಮಟ್ಟಿಗೆ ಸರಿಹೋದದ್ದು. ಕೋಡ್‌ಗಳನ್ನು ಎಷ್ಟು ಹೋಲಿಸಿದರೂ ಅದು ಹೊರಬೀಳುತ್ತಿರಲಿಲ್ಲ.

ಹಾಗೆಂದು ಹೋಲಿಕೆ ವ್ಯರ್ಥವಲ್ಲ. ಡಿಸ್ಕ್ರೀಟ್ ಆರ್ಡಿನೇಟ್ಸ್ ವಿಧಾನ ಆಯ್ದ ಕೆಲವೇ ದಿಕ್ಕುಗಳಲ್ಲಿ ಲೆಕ್ಕ ಮಾಡುವುದರಿಂದ, ಖಾಲಿ ಜಾಗದಲ್ಲಿ ಸಣ್ಣ ಮೂಲವಿದ್ದರೆ ಹರಿವು ಗೆರೆಗೆರೆಯಾಗಿ ಹಂಚಿಹೋಗುತ್ತದೆ. ಇದನ್ನು ರೇ ಎಫೆಕ್ಟ್ ಎನ್ನುತ್ತಾರೆ. ಮಾಂಟೆ ಕಾರ್ಲೋ ಜೊತೆ ಹೋಲಿಸಿದರೆ ಥಟ್ಟನೆ ಕಾಣುತ್ತದೆ. ಖಾಲಿ ನಾಳಗಳಿರುವ ಕೊಬಯಾಶಿ ಸಮಸ್ಯೆಗಳನ್ನು ರೂಪಿಸಿರುವುದೇ ಈ ಪರೀಕ್ಷೆಗೆ.

ಪ್ರಶ್ನೆ: ಮಾಂಟೆ ಕಾರ್ಲೋದಲ್ಲಿ ದಪ್ಪ ಗೋಡೆಯಾಚೆ ಒಂದು ಕಣವೂ ಬರುತ್ತಿರಲಿಲ್ಲ. ವೇಯ್ಟ್ ವಿಂಡೋ (ಮುಖ್ಯ ಜಾಗಗಳಲ್ಲಿ ಕಣಗಳನ್ನು ಒಡೆದು ಹೆಚ್ಚಿಸಿ, ಪ್ರತಿಯೊಂದರ ಲೆಕ್ಕದ ತೂಕವನ್ನು ಮಿತಿಯೊಳಗಿಡುವ ಉಪಾಯ) ಹಾಕಿದ ಮೇಲೆ ಉತ್ತರ ಬಂತು, ಆದರೆ ಶೇ. 4 ಇದ್ದ ದೋಷ ಇದ್ದಕ್ಕಿದ್ದಂತೆ ಶೇ. 22ಕ್ಕೆ ಹಾರಿತು. ಯಾಕೆ?

ಉತ್ತರ: ಭಾರಿ ತೂಕದ ಒಂದೇ ಕಣ ಬಂದು ಟ್ಯಾಲಿಗೆ (ಡೋಸನ್ನು ಎಣಿಸುವ ಜಾಗಕ್ಕೆ) ಬಡಿದಿದೆ. ನಿಮ್ಮ ವಿಂಡೋಗಳು ಮುಖ್ಯವಾದ ಒಂದು ದಾರಿಯನ್ನು ಕಡೆಗಣಿಸಿವೆ ಎಂಬುದರ ಸೂಚನೆ ಅದು. ಹೆಚ್ಚಾಗಿ ಪೈಪಿನ ಪಕ್ಕದ ಸಂದೋ ಚಾವಣಿಯ ಮೇಲಿನಿಂದ ಚದುರಿ ಬರುವ ಹಾದಿಯೋ ಆಗಿರುತ್ತದೆ. ಆ ಕಣವನ್ನು 'ಅಪವಾದ' ಎಂದು ಬದಿಗಿಡಬೇಡಿ, ಅದರ ಜಾಡು ಹಿಡಿದು ಎಲ್ಲೆಲ್ಲಿ ಬಡಿದು ಬಂತು ನೋಡಿ. ಇದಕ್ಕಿಂತ ಅಪಾಯದ ಸ್ಥಿತಿ, ಅಂಥ ಕಣ ಬಾರದೇ ಓಟ ಮುಗಿದು ಶೇ. 4 ಎಂದೇ ಕಾಣಿಸುವುದು.

ದೋಷದ ಜೊತೆಗೆ ಫಿಗರ್ ಆಫ್ ಮೆರಿಟ್ (ಖರ್ಚಾದ ಸಮಯಕ್ಕೆ ಸಿಕ್ಕ ನಿಖರತೆಯ ಸೂಚಕ) ಸ್ಥಿರವಾಗಿದೆಯೇ, ವೇರಿಯನ್ಸ್‌ನ ವೇರಿಯನ್ಸ್ (ದೋಷದ ಅಂದಾಜೇ ಎಷ್ಟು ಅಲುಗಾಡುತ್ತದೆ ಎಂಬ ಅಳತೆ) 0.1ಕ್ಕಿಂತ ಕಡಿಮೆ ಇದೆಯೇ, ಸ್ಕೋರ್ ಹಂಚಿಕೆಯ ಬಾಲದ ಇಳಿಜಾರು 3ಕ್ಕಿಂತ ಹೆಚ್ಚಿದೆಯೇ ಗಮನಿಸಿ. ಓಟವನ್ನು ಉದ್ದ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ, ದೋಷ ಅರ್ಧಕ್ಕಿಳಿಯಲು ನಾಲ್ಕು ಪಟ್ಟು ಸಮಯ ಬೇಕು. ಕೈಯಿಂದ ವಿಂಡೋ ಹಾಕುವ ಬದಲು ಮೊದಲು ಒರಟಾದ ಡಿಟರ್ಮಿನಿಸ್ಟಿಕ್ ಅಡ್ಜಾಯಿಂಟ್ ಲೆಕ್ಕ (ಟ್ಯಾಲಿಯಿಂದ ಹಿಮ್ಮುಖವಾಗಿ, ಎಲ್ಲಿನ ಕಣ ಎಷ್ಟು ಮುಖ್ಯ ಎಂದು ತೋರಿಸುವ ಲೆಕ್ಕ) ಮಾಡಿ ಅದರಿಂದ ವಿಂಡೋ ಕಟ್ಟುವ ಕ್ಯಾಡಿಸ್ ವಿಧಾನ ಬಳಸಿ. ಓಕ್ ರಿಡ್ಜ್‌ನ ಅಡ್ವಾಂಟೇಜ್ ಕೋಡ್ ಇದನ್ನು ಎಂಸಿಎನ್‌ಪಿಗಾಗಿಯೇ ಮಾಡಿಕೊಡುತ್ತದೆ. ಗೋಡೆಯನ್ನು 40 ಸೆಂ.ಮೀ.ಗೆ ಇಳಿಸಿ, ವಿಂಡೋ ಇಲ್ಲದ ಓಟಕ್ಕೂ ವಿಂಡೋ ಇರುವ ಓಟಕ್ಕೂ ಉತ್ತರ ಒಂದೇ ಬರುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳುವುದೂ ಒಳ್ಳೆಯದು.

ಪ್ರಶ್ನೆ: ಕಾಂಕ್ರೀಟಿನ ಸಂಯೋಜನೆಯನ್ನು ಕೈಪಿಡಿಯಿಂದ ತೆಗೆದುಕೊಂಡಿದ್ದೇವೆ. ಎರಡು ಕೈಪಿಡಿಗಳು 'ಸಾಧಾರಣ ಕಾಂಕ್ರೀಟ್' ಎಂದೇ ಬೇರೆ ಬೇರೆ ಅಂಕಿ ಕೊಡುತ್ತವೆ. ಯಾವುದು ಸರಿ?

ಉತ್ತರ: ಎರಡೂ ಅವುಗಳ ಕಾಂಕ್ರೀಟಿಗೆ ಸರಿ, ನಿಮ್ಮ ಗೋಡೆಗೆ ಎರಡೂ ಸರಿಯಿಲ್ಲದಿರಬಹುದು. ಮುಖ್ಯ ವ್ಯತ್ಯಾಸ ಹೈಡ್ರೋಜನ್. ಪಟ್ಟಿಗಳಲ್ಲಿ ಅದು ತೂಕದ ಶೇ. 0.5ರ ಆಸುಪಾಸಿನಿಂದ ಶೇ. 1ರವರೆಗೂ ಇರುತ್ತದೆ. ನೀರಿನ ತೂಕದ ಒಂಬತ್ತನೇ ಒಂದು ಭಾಗ ಹೈಡ್ರೋಜನ್, ಹಾಗಾಗಿ ಶೇ. 0.5 ಎಂದರೆ ಗೋಡೆಯಲ್ಲಿ ಶೇ. 4.5 ನೀರು, ಶೇ. 1 ಎಂದರೆ ಶೇ. 9. ನ್ಯೂಟ್ರಾನನ್ನು ನಿಧಾನಿಸುವ ಕೆಲಸದಲ್ಲಿ ಹೈಡ್ರೋಜನ್‌ನಷ್ಟು ಸಮರ್ಥ ವಸ್ತು ಇನ್ನೊಂದಿಲ್ಲ, ಅದನ್ನು ಎರಡು ಪಟ್ಟು ಹಾಕಿಕೊಂಡರೆ ಗೋಡೆ ಕಾಗದದ ಮೇಲೆ ಬಲು ಗಟ್ಟಿ.

ನೀರು ಅಲ್ಲೇ ಉಳಿಯುವುದೂ ಇಲ್ಲ. ಕಾಂಕ್ರೀಟಿನಲ್ಲಿ ಸ್ವಲ್ಪ ನೀರು ರಂಧ್ರಗಳಲ್ಲಿ ಸಡಿಲವಾಗಿರುತ್ತದೆ, ಉಳಿದದ್ದು ಸಿಮೆಂಟಿಗೆ ರಾಸಾಯನಿಕವಾಗಿ ಅಂಟಿಕೊಂಡಿರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿದ್ದರೆ ಮೊದಲನೆಯದು ಆರಿಹೋಗುತ್ತದೆ. ಕಾಂಕ್ರೀಟಿನ ದೀರ್ಘಾವಧಿ ತಾಪವನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಮಿತಿಗೊಳಿಸುವುದು ಮುಖ್ಯವಾಗಿ ಗಟ್ಟಿತನಕ್ಕೆ, ಆದರೆ ಶೀಲ್ಡಿಂಗಿಗೂ ಅದರಿಂದ ಲಾಭವಿದೆ. ಸುರಿದ ಕಾಂಕ್ರೀಟಿನಿಂದಲೇ ಸಿಲಿಂಡರ್ ಆಕಾರದ ಮಾದರಿ ಕೊರೆದು, 105 ಡಿಗ್ರಿಯಲ್ಲಿ ಒಣಗಿಸಿ ಸಡಿಲ ನೀರನ್ನೂ, ಆಮೇಲೆ ಹೆಚ್ಚಿನ ತಾಪದಲ್ಲಿ ಕಾಯಿಸಿ ಬಂಧಿತ ನೀರನ್ನೂ ತೂಕದಿಂದ ತಿಳಿಯಬಹುದು. ಸುಣ್ಣಕಲ್ಲಿನ ಜಲ್ಲಿಯಿದ್ದರೆ ಹೆಚ್ಚಿನ ತಾಪದಲ್ಲಿ ಇಂಗಾಲದ ಡೈಆಕ್ಸೈಡೂ ಹೋಗುತ್ತದೆ, ಅದನ್ನು ನೀರೆಂದು ಬರೆದುಕೊಳ್ಳಬೇಡಿ. ಮಾದರಿ ಸಿಗದಿದ್ದರೆ ಸಡಿಲ ನೀರು ಪೂರ್ತಿ ಹೋದ ಸ್ಥಿತಿಗೆ ಒಂದು ಲೆಕ್ಕ, ಹೊಸ ಕಾಂಕ್ರೀಟಿಗೆ ಒಂದು ಲೆಕ್ಕ ಮಾಡಿ ಎರಡನ್ನೂ ವರದಿಯಲ್ಲಿ ಕೊಡಿ.

ಜೊತೆಗೆ ಫೋಟಾನ್ ಸಾಗಣೆಯನ್ನು ಚಾಲೂ ಮಾಡಿದ್ದೀರಾ ನೋಡಿ. ಹೈಡ್ರೋಜನ್ ನ್ಯೂಟ್ರಾನ್ ಹಿಡಿದಾಗ 2.2 ಎಂಇವಿ, ಕಬ್ಬಿಣ ಹಿಡಿದಾಗ 7.6 ಎಂಇವಿವರೆಗಿನ ಗಾಮಾ ಗೋಡೆಯೊಳಗೇ ಹುಟ್ಟುತ್ತವೆ. ದಪ್ಪ ಗೋಡೆಯ ಹೊರಮುಖದಲ್ಲಿ ಇವುಗಳ ಪಾಲೇ ಹೆಚ್ಚಾಗುವುದುಂಟು. ಬೋರಾನ್ ಸೇರಿಸಿದರೆ ಅದು ನ್ಯೂಟ್ರಾನ್ ಹಿಡಿದು 0.48 ಎಂಇವಿಯ ಸೌಮ್ಯ ಗಾಮಾ ಮಾತ್ರ ಕೊಡುತ್ತದೆ.

ಪ್ರಶ್ನೆ: ಗೋಡೆಯ ಮಧ್ಯದಲ್ಲಿ ಅಳತೆ ಲೆಕ್ಕಕ್ಕೆ ಹೊಂದುತ್ತದೆ, ಪೈಪ್ ಹೊರಬರುವ ಜಾಗದಲ್ಲಿ ಮಾತ್ರ ಸಾವಿರಾರು ಪಟ್ಟು ಹೆಚ್ಚು. ಕೋಡ್ ತಪ್ಪೇ?

ಉತ್ತರ: ಕೋಡ್ ಅಲ್ಲ, ಮಾಡೆಲ್. ಆ ಪೈಪನ್ನೂ ಸುತ್ತಲಿನ ಸಂದನ್ನೂ ಗೋಡೆಯೊಳಗೆ ಕಲಸಿ ಒಂದೇ ಮಿಶ್ರಣ ಮಾಡಿದ್ದೀರಿ ಎಂದು ಕಾಣುತ್ತದೆ. ಕೈಲೆಕ್ಕ ನೋಡಿ. 200 ಸೆಂ.ಮೀ. ಸಾಧಾರಣ ಕಾಂಕ್ರೀಟ್, ರಿಮೂವಲ್ ಕ್ರಾಸ್ ಸೆಕ್ಷನ್ ಸೆಂ.ಮೀ.ಗೆ 0.089, ವೇಗದ ನ್ಯೂಟ್ರಾನ್‌ಗಳಲ್ಲಿ ಹತ್ತು ಕೋಟಿಗೆ ಸುಮಾರು ಎರಡು ದಾಟುತ್ತವೆ. ಅದೇ ಗೋಡೆಯಲ್ಲಿ 10 ಸೆಂ.ಮೀ. ವ್ಯಾಸದ ನೇರ ಖಾಲಿ ನಾಳವಿದ್ದರೆ, ತ್ರಿಜ್ಯದ ವರ್ಗವನ್ನು ಉದ್ದದ ವರ್ಗದ ಎರಡರಷ್ಟರಿಂದ ಭಾಗಿಸಿ: 25ನ್ನು 80,000ದಿಂದ ಭಾಗಿಸಿದರೆ ಹತ್ತು ಸಾವಿರಕ್ಕೆ ಮೂರು. ನಾಳದ ಬಾಯಲ್ಲಿ ಹರಿವು ಗೋಡೆಯ ಮೂಲಕ ಬರುವುದರ ಸುಮಾರು 17,000 ಪಟ್ಟು.

ನಾಳಕ್ಕೆ ಬಾಗು ಕೊಡಿ, ನೇರ ನೋಟ ತಪ್ಪಿಸಿ ಎನ್ನುವುದು ಹಳೆಯ ಪಾಠ. ವ್ಯಾಲಿಡೇಶನ್ ದೃಷ್ಟಿಯಿಂದ ಹೇಳಬೇಕಾದ್ದು ಬೇರೆ: ಬರೀ ಗಟ್ಟಿ ಹಲಗೆಗಳ ಬೆಂಚ್‌ಮಾರ್ಕ್ ಎಷ್ಟು ಚೆನ್ನಾಗಿ ತಾಳೆಯಾಗಿದ್ದರೂ ನಾಳದ ಸೋರಿಕೆಗೆ ಅದು ಪುರಾವೆಯಲ್ಲ. ನಾಳ ಅಥವಾ ತಿರುವಿನ ಹಾದಿಯಿರುವ ಪ್ರಯೋಗವನ್ನು ಪ್ರತ್ಯೇಕವಾಗಿ ಓಡಿಸಿ. ಮಾಡೆಲನ್ನು ವಿನ್ಯಾಸದ ಚಿತ್ರದಿಂದಲ್ಲ, ಕಟ್ಟಿದ ಮೇಲಿನ ಅಳತೆಯಿಂದ ತಿದ್ದಿ. ಪೈಪಿನ ಉಷ್ಣ ನಿರೋಧಕದ ಸುತ್ತ 2 ಸೆಂ.ಮೀ. ಗಾಳಿ ಬಿಟ್ಟಿರುವುದು ಎಷ್ಟೋ ಸಲ ಚಿತ್ರದಲ್ಲಿ ಇರುವುದೇ ಇಲ್ಲ.

ಪ್ರಶ್ನೆ: ಸ್ಥಾವರ ಚಾಲೂ ಆದಾಗ ಮಾಡುವ ಸಮೀಕ್ಷೆಯ ಅಳತೆಯನ್ನೇ ವ್ಯಾಲಿಡೇಶನ್‌ಗೆ ಬಳಸಬಹುದೇ?

ಉತ್ತರ: ಬಳಸಲೇಬೇಕು, ಆದರೆ ಉಪಕರಣವನ್ನು ಅರಿತು. ಪಾಲಿಥೀನ್ ಹೊದಿಸಿದ ನ್ಯೂಟ್ರಾನ್ ರೆಮ್ ಕೌಂಟರ್‌ಗಳು (ಡೋಸ್ ಮಾಪಕಗಳು) ಕೆಇವಿ ಮಟ್ಟದ ನ್ಯೂಟ್ರಾನ್‌ಗಳಿಗೆ ನಿಜವಾದ ಡೋಸಿಗಿಂತ ಹೆಚ್ಚು ತೋರಿಸುತ್ತವೆ. ದಪ್ಪ ಉಕ್ಕಿನಾಚೆ 24 ಕೆಇವಿಯವೇ ತುಂಬಿರುವಾಗ ಉಪಕರಣದ ಓದು ಉಬ್ಬುತ್ತದೆ, ಲೆಕ್ಕ ಕಡಿಮೆಯಾದಂತೆ ಕಾಣುತ್ತದೆ. ಲೆಕ್ಕದ ಡೋಸನ್ನು ಓದಿನ ಜೊತೆ ಹೋಲಿಸಬೇಡಿ. ಲೆಕ್ಕದ ವರ್ಣಪಟಲವನ್ನು ಆ ಕೌಂಟರಿನ ಪ್ರತಿಕ್ರಿಯಾ ವಕ್ರರೇಖೆಯಿಂದ ಗುಣಿಸಿ, ಕೌಂಟರ್ ಏನು ತೋರಿಸಬೇಕಿತ್ತು ಎಂದು ಲೆಕ್ಕ ಹಾಕಿ ಅದನ್ನು ಹೋಲಿಸಿ. ಎರಡೂ ಕಡೆ ಒಂದೇ ಡೋಸ್ ಗುಣಕಗಳಿವೆಯೇ (ಹರಿವನ್ನು ಡೋಸಿಗೆ ಬದಲಿಸುವ ಅಂಕಿಗಳು) ನೋಡಿ; ಅಮೆರಿಕದ 1977ರ ಆನ್ಸಿ ಮಾನದಂಡದ ಪಟ್ಟಿಗೂ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಐಸಿಆರ್‌ಪಿ-74ಕ್ಕೂ ವ್ಯತ್ಯಾಸ ಇದೆ.

ಶಕ್ತಿಯನ್ನು ಹಂತಹಂತವಾಗಿ ಏರಿಸುವಾಗ ಪ್ರತಿ ಹಂತದಲ್ಲೂ ಅದೇ ಗುರುತಿನ ಜಾಗಗಳಲ್ಲಿ ನ್ಯೂಟ್ರಾನ್, ಗಾಮಾ ಬೇರೆ ಬೇರೆಯಾಗಿ ಅಳೆಯಿರಿ. ಓದು ರಿಯಾಕ್ಟರ್ ಶಕ್ತಿಗೆ ಅನುಪಾತದಲ್ಲಿ ಏರಬೇಕು. ಏರದಿದ್ದರೆ ಹಿನ್ನೆಲೆ ಬೇರೆ ಎಲ್ಲಿಂದಲೋ ಬರುತ್ತಿದೆ. ನೀರು ಹರಿಯುವ ಪ್ರಾಥಮಿಕ ಪೈಪುಗಳ ಬಳಿ ಗಾಮಾ ಹೆಚ್ಚಿದ್ದರೆ ಅದು ಗೋಡೆಯ ಸೋರಿಕೆಯಾಗಿರಬೇಕಿಲ್ಲ, 7.1 ಸೆಕೆಂಡ್ ಅರ್ಧಾಯುವಿನ ಸಾರಜನಕ-16ರ 6.1 ಎಂಇವಿ ಗಾಮಾ ಪೈಪಿನ ಜೊತೆಯಲ್ಲೇ ಬಂದಿರುತ್ತದೆ.

ಮೂಲದ ಬಲವನ್ನೂ ಇಲ್ಲೇ ಮರುಪರಿಶೀಲಿಸಿ. ಯುರೇನಿಯಂ-235 ವಿದಳನದಲ್ಲಿ ಒಂದು ಮೆಗಾವ್ಯಾಟ್ ಉಷ್ಣಶಕ್ತಿಗೆ ಸೆಕೆಂಡಿಗೆ ಸುಮಾರು 7.6 × 10¹⁶ ನ್ಯೂಟ್ರಾನ್‌ಗಳು. ವಿದ್ಯುತ್ ಮೆಗಾವ್ಯಾಟನ್ನು ಉಷ್ಣ ಮೆಗಾವ್ಯಾಟ್ ಎಂದು ಹಾಕಿದರೆ ಲೆಕ್ಕ ಮೂರನೇ ಒಂದಕ್ಕೆ ಇಳಿಯುತ್ತದೆ. ನಗುವಂಥ ತಪ್ಪು ಎನಿಸಬಹುದು, ಆದರೆ 'ಎಲ್ಲ ಆಳದಲ್ಲೂ ಒಂದೇ ಪ್ರಮಾಣ' ಎಂಬ ಲಕ್ಷಣ ಕಂಡಾಗ ಮೊದಲು ನೋಡಬೇಕಾದ್ದು ಇದನ್ನೇ.

ಪ್ರಶ್ನೆ: ಬೆಂಚ್‌ಮಾರ್ಕಿನಲ್ಲಿ ನಮ್ಮ ಸಿ ಬೈ ಇ 0.7 ಬಂದಿದೆ. ವಿನ್ಯಾಸದ ಡೋಸ್ ಗಂಟೆಗೆ 5 ಮೈಕ್ರೋಸೀವರ್ಟ್, ಮಿತಿ 10. ಎರಡು ಪಟ್ಟು ಅಂತರ ಇದೆ, ಸಾಕಲ್ಲವೇ?

ಉತ್ತರ: ಆ ಎರಡು ಪಟ್ಟು ಈಗಾಗಲೇ ಖರ್ಚಾಗಿದೆ. 5ನ್ನು 0.7ರಿಂದ ಭಾಗಿಸಿ, 7.1. ಉಳಿದ ಅನಿಶ್ಚಿತತೆ ಒಂದು ಸಿಗ್ಮಾಗೆ ಶೇ. 20 ಎಂದಾದರೆ ಎರಡು ಸಿಗ್ಮಾ ಸೇರಿಸಿದಾಗ 10. ಸರಿಯಾಗಿ ಅಂಚಿನಲ್ಲಿದ್ದೀರಿ. ಡೋಸನ್ನು ಅರ್ಧಕ್ಕಿಳಿಸಲು ಸಾಧಾರಣ ಕಾಂಕ್ರೀಟಿನಲ್ಲಿ ವೇಗದ ನ್ಯೂಟ್ರಾನ್‌ಗಾದರೆ ಸುಮಾರು 8 ಸೆಂ.ಮೀ., ಹೆಚ್ಚು ಶಕ್ತಿಯ ಗಾಮಾಗಾದರೆ ಸುಮಾರು 10 ಸೆಂ.ಮೀ. ಬೇಕು. ವಿನ್ಯಾಸದ ಹಂತದಲ್ಲಿದ್ದರೆ ಆ 10 ಸೆಂ.ಮೀ. ಸೇರಿಸಿಬಿಡಿ.

ಒಂದು ಷರತ್ತು. ಆ 0.7 ಎಷ್ಟು ದಪ್ಪದಲ್ಲಿ ಬಂದದ್ದು ನೋಡಿಕೊಳ್ಳಿ. ಅನುಪಾತ ಆಳದ ಜೊತೆ ಜಾರುತ್ತಿದ್ದರೆ 67 ಸೆಂ.ಮೀ.ಯ 0.7 ಅದರ ಎರಡರಷ್ಟು ದಪ್ಪದಲ್ಲಿ 0.5ರ ಹತ್ತಿರ ಇರುತ್ತದೆ. ಅಂಥಲ್ಲಿ 0.7ರ ತಿದ್ದುಪಡಿ ಸಾಲದು. ಇಳಿಜಾರನ್ನೇ ಸೆಂ.ಮೀ. ಲೆಕ್ಕದಲ್ಲಿ ತೆಗೆದು ನಿಮ್ಮ ಪೂರ್ತಿ ದಪ್ಪಕ್ಕೆ ಹಚ್ಚಿ, ಅಳತೆಯಿಲ್ಲದ ಭಾಗಕ್ಕೆ ಅನಿಶ್ಚಿತತೆಯನ್ನು ಬೇರೆಯಾಗಿ ಹೆಚ್ಚಿಸಿ.